ಮಹಾದ್ವಾರ ಮೊದಲೋ, ಬಚ್ಚಲಿನ ಚಿಲಕ ಮೊದಲೋ?

ಪ್ರಿಯ ಶಿಷ್ಯರೇ ಮತ್ತು ಬಂಧುಗಳೇ,

ಕಳೆದ ತಿಂಗಳು ನಾನು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಭೆಗೆ ಹೋಗಿ, ಅಲ್ಲಿ ಎಲ್ಲರೊಡನೆ ವಾಗ್ವಾದ ಮಾಡಿಕೊಂಡು ಬಂದೆನೆಂಬ ಸುದ್ದಿ ನಿಮ್ಮಲ್ಲಿ ಕೆಲವರ ಕಿವಿಗೆ ಈಗಾಗಲೇ ಬಿದ್ದಿದೆ. "ಮೇಷ್ಟ್ರೇ, ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕಿತ್ತೇ?" ಎಂದು ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಕೇಳಿದ. ನನ್ನ ತಂಗಿಯ ಮಗ, "ಮಾವ, ಅವರು ಒಂದು ಕಮಾನು ಕಟ್ಟಿಕೊಂಡರೆ ನಿಮ್ಮ ಗಂಟೇನು ಹೋಗುತ್ತದೆ?" ಎಂದ. ಇಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ, ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುವುದೇ ಲೇಸೆಂದು ಕುಳಿತಿದ್ದೇನೆ. ಲೇಖನ ಸ್ವಲ್ಪ ದೀರ್ಘವಾದೀತು. ತರಗತಿಯಲ್ಲಿ ಗಂಟೆ ಹೊಡೆದ ಮೇಲೂ ಪಾಠ ಮುಂದುವರಿಸುತ್ತಿದ್ದವನು ನಾನು; ನಿಮಗೆ ಇದು ಹೊಸದಲ್ಲ.

ಕಾಲೇಜಿನ ಹೆಸರನ್ನು ಬರೆಯುವುದಿಲ್ಲ. ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿದ, ವಿದ್ಯಾರ್ಥಿಗಳು ಆವರಣದಲ್ಲಿಯೇ ವಾಸವಿದ್ದು ಓದುವ ಕಾಲೇಜು ಎಂದರೆ ಸಾಕು. ನಾನು ಹೇಳಹೊರಟಿರುವುದು ಒಂದು ಕಾಲೇಜಿನ ಮಾತಲ್ಲ. ಅದರ ಹೆಸರಿನ ಜಾಗದಲ್ಲಿ ನಿಮ್ಮ ನಿಮ್ಮ ಕಾಲೇಜಿನ ಹೆಸರನ್ನು ಬರೆದುಕೊಂಡರೂ ಅರ್ಥ ಕೆಡುವುದಿಲ್ಲ.

ನಡೆದದ್ದು ಇಷ್ಟು. ಸಭೆ ಇದ್ದದ್ದು ಹನ್ನೊಂದು ಗಂಟೆಗೆ. ನಾನು ಎಂಟಕ್ಕೇ ಬಸ್ಸಿನಿಂದಿಳಿದೆ. ನನ್ನ ಶಿಷ್ಯನೊಬ್ಬನ ಮಗಳು ಈಗ ಅಲ್ಲಿಯ ಮಹಿಳಾ ವಿದ್ಯಾರ್ಥಿನಿಲಯದಲ್ಲಿದ್ದಾಳೆ. ಅವಳ ತಾಯಿ ಕೊಟ್ಟು ಕಳುಹಿಸಿದ್ದ ಚಕ್ಕುಲಿಯ ಡಬ್ಬಿಯನ್ನು ತಲಪಿಸಲು ಹೋದೆ. ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕುಳಿತು ಮಾತನಾಡಿದೆವು. "ಅನುಕೂಲವಾಗಿದೆಯೇನಮ್ಮ?" ಎಂದು ಕೇಳಿದೆ. ಅವಳು ದೂರು ಹೇಳುವ ಹುಡುಗಿಯಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು, ಅಷ್ಟೆ. ಇಬ್ಬರಿಗೆಂದು ಕಟ್ಟಿದ ಕೋಣೆಯಲ್ಲಿ ನಾಲ್ವರಿದ್ದಾರೆ. ನೀರು ಬೆಳಗಿನ ಐದರಿಂದ ಆರೂವರೆಯವರೆಗೆ ಬರುತ್ತದೆ. ವಾಚನಾಲಯದಲ್ಲಿ ಮುರಿದ ಮಂಚಗಳನ್ನು ತುಂಬಿ ಬೀಗ ಹಾಕಿದ್ದಾರೆ. ಅವರ ಮಹಡಿಯ ಹನ್ನೊಂದು ಬಚ್ಚಲುಗಳ ಪೈಕಿ ಏಳರಲ್ಲಿ ಒಳಗಿನ ಚಿಲಕವಿಲ್ಲ. "ಹಾಗಾದರೆ ಸ್ನಾನಕ್ಕೆ ಏನು ಮಾಡುತ್ತೀರಿ?" ಎಂದೆ. "ಇಬ್ಬಿಬ್ಬರು ಹೋಗುತ್ತೇವೆ ತಾತ. ಒಬ್ಬಳು ಸ್ನಾನ ಮಾಡುವಾಗ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಅಭ್ಯಾಸವಾಗಿಬಿಟ್ಟಿದೆ" ಎಂದಳು.

ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಅಭ್ಯಾಸ ಎಂಬ ಪದವನ್ನು ಓದಿಗೆ, ಬರಹಕ್ಕೆ, ಸಂಗೀತಕ್ಕೆ ಬಳಸಿದ್ದೇನೆ. ಚಿಲಕವಿಲ್ಲದ ಬಾಗಿಲಿಗೆ ಆ ಪದವನ್ನು ಬಳಸಬಹುದೆಂದು ನನಗೆ ಅಂದು ತಿಳಿಯಿತು.

ಅದೇ ಮನಸ್ಸಿನಲ್ಲಿ ಸಭೆಗೆ ಹೋದೆ. ಅಲ್ಲಿಯ ಮುಖ್ಯ ವಿಷಯ ಕಾಲೇಜಿನ ಹೆಬ್ಬಾಗಿಲಿಗೆ ಕಲ್ಲಿನ ಮಹಾದ್ವಾರ. ಎರಡು ಕಡೆ ಆನೆ, ನಡುವೆ ಸರಸ್ವತಿ, ಕೆಳಗೆ ದಾನಿಗಳ ಹೆಸರು. ಅಂದಾಜು ವೆಚ್ಚ ಮೂವತ್ತೆರಡು ಲಕ್ಷ ರೂಪಾಯಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, "ಮಹಾದ್ವಾರ ಆಮೇಲೆ ಆಗಲಿ. ಮೊದಲು ಆ ಬಚ್ಚಲುಗಳಿಗೆ ಚಿಲಕ ಹಾಕಿಸೋಣ, ವಾಚನಾಲಯವನ್ನು ತೆರೆಸೋಣ, ಒಂದು ನೀರಿನ ತೊಟ್ಟಿ ಕಟ್ಟಿಸೋಣ" ಎಂದೆ. ದೊಡ್ಡ ಹುದ್ದೆಯಿಂದ ನಿವೃತ್ತರಾದ ಹಿರಿಯರೊಬ್ಬರು ನಕ್ಕು ಹೇಳಿದರು: "ನಾವೆಲ್ಲ ಏನು ಸೌಲಭ್ಯ ಕಂಡಿದ್ದೆವು ಸ್ವಾಮಿ? ಬೀದಿದೀಪದ ಕೆಳಗೆ ಓದಿದವರು ನಾವು. ಕಷ್ಟಪಟ್ಟದ್ದರಿಂದಲೇ ಈ ಸ್ಥಿತಿಗೆ ಬಂದೆವು. ಈಗಿನವರಿಗೆ ಎಲ್ಲವನ್ನೂ ಒದಗಿಸಿ ಹಾಳುಮಾಡುವುದು ಬೇಡ." ಮತ್ತೆ ಚಪ್ಪಾಳೆ. ಮೊದಲಿನದಕ್ಕಿಂತ ಜೋರಾಗಿಯೇ.

ನನ್ನ ಜಗಳ ಆ ಹಿರಿಯರೊಡನೆ ಅಲ್ಲ, ಆ ಚಪ್ಪಾಳೆಯೊಡನೆ. ಏಕೆಂದರೆ ಅದರಲ್ಲಿ ನಿಮ್ಮ ಕೈಗಳೂ ಇವೆ. ಮದುವೆ ಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ, ನನ್ನ ಮನೆಯ ಜಗಲಿಯಲ್ಲಿಯೇ ಕುಳಿತು, "ನಮ್ಮ ಕಾಲದಲ್ಲಿ ನಾವು ಹೇಗೆ ಓದಿದೆವು ಗೊತ್ತೇ?" ಎಂದು ನೀವು ನಿಮ್ಮ ಮಕ್ಕಳಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಆ ಮಾತು ಎಷ್ಟು ಸತ್ಯ ಎಂಬುದನ್ನು ಇಂದು ಪರೀಕ್ಷಿಸೋಣ.

ನಾನು ಆ ಕಾಲೇಜನ್ನು ಸೇರಿದ್ದು 1966ರಲ್ಲಿ. ಮಳೆಯಿಲ್ಲದ ವರ್ಷಗಳು. ಅಕ್ಕಿಗೆ ಪಡಿತರ. ಸೋಮವಾರ ರಾತ್ರಿ ಒಂದು ಹೊತ್ತಿನ ಊಟ ಬಿಡಿ ಎಂದು ಲಾಲ್ ಬಹಾದುರ್ ಶಾಸ್ತ್ರಿಯವರು 1965ರಲ್ಲಿ ಕೊಟ್ಟ ಕರೆಯ ನೆನಪು ಇನ್ನೂ ಹಸಿಯಾಗಿತ್ತು. ಅಮೆರಿಕದಿಂದ ಪಿ.ಎಲ್. 480 ಯೋಜನೆಯಲ್ಲಿ ಹಡಗಿನ ಮೇಲೆ ಬರುತ್ತಿದ್ದ ಗೋಧಿ ನಮ್ಮ ಮೆಸ್ಸಿಗೂ ಬರುತ್ತಿತ್ತು. ಮುದ್ದೆ ತಿಂದು ಬೆಳೆದವರಿಗೆ ಚಪಾತಿ, ಚಪಾತಿ ತಿಂದು ಬೆಳೆದವರಿಗೆ ಮುದ್ದೆ, ಇಬ್ಬರಿಗೂ ಸಮಾಧಾನವಿಲ್ಲ. ತಗಡಿನ ಟ್ರಂಕು, ಸುತ್ತಿದ ಹಾಸಿಗೆ, ಒಂದು ಕಂದೀಲು ಹಿಡಿದು ನಿಲಯದ ಮೆಟ್ಟಿಲು ಹತ್ತಿದವನು ನಾನು. ಕಷ್ಟವಿತ್ತೆಂಬುದು ಸುಳ್ಳಲ್ಲ.

ಆದರೆ ಸೌಲಭ್ಯವಿರಲಿಲ್ಲವೆಂಬುದು ಸುಳ್ಳು. ನಮಗೆ ಕೋಣೆಯಿತ್ತು, ಅದರ ಬಾಡಿಗೆ ಹೆಸರಿಗೆ ಮಾತ್ರ. ರಾತ್ರಿ ಹತ್ತರವರೆಗೆ ತೆರೆದಿರುತ್ತಿದ್ದ ವಾಚನಾಲಯವಿತ್ತು. ಅದರಲ್ಲಿ ಆರು ದಿನಪತ್ರಿಕೆಗಳು. ಅಂಗಳದಲ್ಲಿಯೇ ಮನೆ ಮಾಡಿಕೊಂಡಿದ್ದ ವಾರ್ಡನ್ ಇದ್ದರು. ಅವರು ನಮ್ಮ ಕಾಲೇಜಿನ ಅಧ್ಯಾಪಕರೇ ಆಗಿದ್ದರು. ಹುಡುಗನೊಬ್ಬನಿಗೆ ಜ್ವರ ಬಂದರೆ ಅವರ ಮನೆಯಿಂದಲೇ ಗಂಜಿ ಬರುತ್ತಿತ್ತು. ಸೌದೆ ಒಲೆಯ ಮೇಲಿನ ಹಂಡೆಯಲ್ಲಿ ಬಿಸಿನೀರಿತ್ತು. ಬಚ್ಚಲಿಗೆ ಚಿಲಕವೂ ಇತ್ತು. ಬೀದಿದೀಪದ ಕೆಳಗೆ ಓದಿದವರು ನಮ್ಮಲ್ಲಿ ಇದ್ದಿರಬಹುದು; ಆದರೆ ಆ ಸಭೆಯಲ್ಲಿ ಚಪ್ಪಾಳೆ ತಟ್ಟಿದ ನಾವೆಲ್ಲ ನಿಲಯದ ದೀಪದ ಕೆಳಗೆ ಓದಿದವರು. ಸರ್ಕಾರವೂ ವಿಶ್ವವಿದ್ಯಾನಿಲಯವೂ ಕೂಡಿ ಎಣ್ಣೆ ಹಾಕಿ ಹಚ್ಚಿಟ್ಟ ದೀಪ ಅದು. ಅದರ ಬೆಳಕಿನಲ್ಲಿ ಓದಿ ಮೇಲೆ ಬಂದು, ಈಗ ಅದನ್ನು ನಮ್ಮ ಸ್ವಂತ ಬೆವರಿನ ಬೆಳಕೆಂದು ಹೇಳಿಕೊಳ್ಳುವುದು ಕೃತಘ್ನತೆ.

ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು. ಕಷ್ಟ ನಮ್ಮನ್ನು ಗಟ್ಟಿಗೊಳಿಸಿತು ಎನ್ನುವವರೆಲ್ಲ ಆ ಕಷ್ಟವನ್ನು ದಾಟಿ ಬಂದವರು. ದಾಟಲಾರದೆ ಹೋದವರು ಹಳೆಯ ವಿದ್ಯಾರ್ಥಿಗಳ ಸಭೆಗೆ ಬರುವುದಿಲ್ಲ. ಅವರು ಹಳೆಯ ವಿದ್ಯಾರ್ಥಿಗಳೇ ಅಲ್ಲ. ಅವರ ಹೆಸರು ಪದವೀಧರರ ಪಟ್ಟಿಯಲ್ಲಿಲ್ಲ. ಅಂಥವನೊಬ್ಬನ ವಿಷಯವನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಈಗ ಹೇಳಬೇಕಾಗಿದೆ.

ನಮ್ಮ ಮೆಸ್ಸು ನಡೆಯುತ್ತಿದ್ದದ್ದು ಡಿವೈಡಿಂಗ್ ಪದ್ಧತಿಯಲ್ಲಿ. ತಿಂಗಳಿಗೆ ಆದ ಒಟ್ಟು ಖರ್ಚನ್ನು ಉಂಡವರ ಸಂಖ್ಯೆಯಿಂದ ಭಾಗಿಸಿ ತಲಾ ಇಷ್ಟು ಎಂದು ಬಿಲ್ಲು. 1968ರಲ್ಲಿ ನನ್ನನ್ನು ಮೆಸ್ ಸೆಕ್ರೆಟರಿಯನ್ನಾಗಿ ಆರಿಸಿದರು. ಬೆಳಗ್ಗೆ ಉಗ್ರಾಣದ ಬೀಗ ತೆಗೆದು ಅಡಿಗೆಯವರಿಗೆ ಅಕ್ಕಿ ಬೇಳೆ ಅಳೆದು ಕೊಡುವುದು, ಲೆಕ್ಕ ಬರೆಯುವುದು, ತಿಂಗಳ ಕೊನೆಗೆ ಬಿಲ್ಲು ಹಾಕುವುದು ನನ್ನ ಕೆಲಸ. ಬಿಲ್ಲು ಸುಮಾರು ನಲವತ್ತೆರಡು, ನಲವತ್ತೈದು ರೂಪಾಯಿ ಬರುತ್ತಿತ್ತು. ಹತ್ತನೆಯ ತಾರೀಖಿನೊಳಗೆ ಕಟ್ಟದವರ ಹೆಸರನ್ನು ಊಟದ ಮನೆಯ ಬಾಗಿಲಲ್ಲಿದ್ದ ಕಪ್ಪು ಹಲಗೆಯ ಮೇಲೆ ಬರೆಯಬೇಕು; ಹದಿನೈದರ ಮೇಲೆ ಅವರಿಗೆ ತಟ್ಟೆ ಇಡಬಾರದು. ಅದು ನಿಯಮ.

ನನ್ನ ಪಕ್ಕದ ಕೋಣೆಯಲ್ಲಿ ಬಯಲುಸೀಮೆಯ ಹುಡುಗನೊಬ್ಬನಿದ್ದ. ಗಣಿತದಲ್ಲಿ ನಮಗೆಲ್ಲ ಅವನೇ ಗುರು. ನಾನು ಕಲನಶಾಸ್ತ್ರದಲ್ಲಿ ಉತ್ತೀರ್ಣನಾದದ್ದು ಅವನು ರಾತ್ರಿಯ ಹೊತ್ತು ಹೇಳಿಕೊಟ್ಟ ಪಾಠದಿಂದ. ತಂದೆ ಇರಲಿಲ್ಲ; ಅಣ್ಣ ಹೊಲ ಉಳುತ್ತಿದ್ದ. ಆ ವರ್ಷ ಮನೆಯಿಂದ ಹಣ ಬರಲಿಲ್ಲ. ಅವನ ಹೆಸರು ಹಲಗೆಗೆ ಬಂತು. ಬರೆದವನು ನಾನು. ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ನೀವೆಲ್ಲ ಹೊಗಳಿದ್ದೀರಿ. ಆ ಮುತ್ತಿನಂಥ ಅಕ್ಷರದಲ್ಲಿಯೇ ಅವನ ಹೆಸರನ್ನೂ ಬರೆದೆ. ಅಂದಿನಿಂದ ಅವನು ಊಟಕ್ಕೆ ಬರಲಿಲ್ಲ. ಹದಿನೈದನೆಯ ತಾರೀಖಿನವರೆಗೆ ಉಣ್ಣುವ ಹಕ್ಕು ಅವನಿಗಿತ್ತು; ಆದರೂ ಬರಲಿಲ್ಲ, ಏಕೆಂದರೆ ಊಟದ ಮನೆಗೆ ಹೋಗಬೇಕಾದರೆ ಆ ಹಲಗೆಯನ್ನು ದಾಟಿ ಹೋಗಬೇಕಾಗಿತ್ತು. ಎಂಟು ಹತ್ತು ದಿನ ಕಡಲೆಕಾಯಿ ತಿಂದುಕೊಂಡು ತರಗತಿಗೆ ಬಂದ. ಆಮೇಲೆ ಒಂದು ಬೆಳಗ್ಗೆ ಟ್ರಂಕು ಹೊತ್ತುಕೊಂಡು ಊರಿಗೆ ಹೋದ. ಪರೀಕ್ಷೆಗೆ ಬರಲಿಲ್ಲ.

ಅವನಿಗೆ ಬಾಕಿಯಿದ್ದದ್ದು ಎರಡು ತಿಂಗಳ ಬಿಲ್ಲು, ಎಂಬತ್ತೇಳು ರೂಪಾಯಿ. ನಾವು ನಿಲಯದಲ್ಲಿ ನೂರಾ ನಲವತ್ತು ಮಂದಿಯಿದ್ದೆವು. ತಲೆಗೆ ಹತ್ತಾಣೆ ಹಾಕಿದ್ದರೂ ತೀರಿಹೋಗುತ್ತಿತ್ತು. ಲೆಕ್ಕ ಬರೆಯುತ್ತಿದ್ದ ನನಗೇ ಆ ಭಾಗಾಕಾರ ಹೊಳೆಯಲಿಲ್ಲ. ನಾನು ನಿಯಮ ಪಾಲಿಸಿದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಒಮ್ಮೆ ಬರೆದದ್ದೇ ಸಾಕು.

ಹೇಳಿ, ಕಷ್ಟ ಅವನನ್ನು ಗಟ್ಟಿಗೊಳಿಸಿತೇ? ನಮ್ಮೆಲ್ಲರಿಗಿಂತ ಬುದ್ಧಿವಂತನಾದ ಅವನು ಎಲ್ಲಿಯೂ ಇಲ್ಲ. ಅವನಿಂದ ಲೆಕ್ಕ ಕಲಿತ ನಾನು ಮೂವತ್ತನಾಲ್ಕು ವರ್ಷ ಲೆಕ್ಕದ ಮೇಷ್ಟ್ರಾದೆ. ಬಡತನ ಗುರುವಲ್ಲ. ಬಡತನದ ನಡುವೆಯೂ ನಮ್ಮನ್ನು ಓದಿಸಿದ್ದು ನಿಲಯ. ಅದು ಕೈಬಿಟ್ಟವನು ಉಳಿಯಲಿಲ್ಲ.

ನಮ್ಮ ಹಿಂದಿನವರು ಈ ಸತ್ಯವನ್ನು ನಮಗಿಂತ ಚೆನ್ನಾಗಿ ಅರಿತಿದ್ದರು. ವಾರಾನ್ನದ ಕಾಲವನ್ನು ನಿಮ್ಮ ಅಜ್ಜಂದಿರಿಂದ ಕೇಳಿದ್ದೀರಿ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಏಳು ಮನೆ ಸಿಕ್ಕವನು ಭಾಗ್ಯವಂತ, ಐದೇ ಸಿಕ್ಕವನಿಗೆ ಎರಡು ದಿನ ಉಪವಾಸ. ಅದರಲ್ಲಿಯೂ ವಾರಾನ್ನ ಸಿಗುತ್ತಿದ್ದದ್ದು ಕೆಲವು ಜಾತಿಗಳ ಹುಡುಗರಿಗೆ. ಉಳಿದವರು ಯಾರ ಜಗಲಿಯನ್ನು ಹತ್ತಬೇಕಾಗಿತ್ತು? ಶಾಲೆ ತೆರೆದರೆ ಸಾಲದು, ಶಾಲೆಯ ಊರಿನಲ್ಲಿ ಮಲಗಲು ಜಾಗವೂ ಉಣ್ಣಲು ಅನ್ನವೂ ಬೇಕೆಂದು ಮೊದಲು ಮನಗಂಡವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಪ್ರಮುಖರು. 1901ರಲ್ಲಿ ಮರಾಠಾ ಮತ್ತು ಜೈನ ವಿದ್ಯಾರ್ಥಿಗಳ ನಿಲಯಗಳಿಂದ ಆರಂಭಿಸಿ, ಮುಸ್ಲಿಮರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಎಂದು ಒಂದಾದ ಮೇಲೊಂದು ನಿಲಯಗಳಿಗೆ ಅವರು ನೆರವಿತ್ತರು. ಅಂಬೇಡ್ಕರರು ವಿದೇಶದ ವ್ಯಾಸಂಗ ಮುಗಿಸಿ ಬಂದು ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದಾಗ, ಆ ಸಂಸ್ಥೆ ಕೈಗೊಂಡ ಮೊದಲ ಕೆಲಸಗಳಲ್ಲಿ ಒಂದು 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದದ್ದು. ಹಕ್ಕುಗಳಿಗಾಗಿ ಹೋರಾಡಿದ ಆ ಮಹನೀಯರು ಹಾಸಿಗೆಯನ್ನೂ ಊಟದ ತಟ್ಟೆಯನ್ನೂ ಸಣ್ಣ ವಿಷಯವೆಂದು ಎಣಿಸಲಿಲ್ಲ.

ನಮ್ಮ ನಾಡಿನಲ್ಲಿಯೇ ನೋಡಿ. ಮೈಸೂರಿನಲ್ಲಿ ತಾತಯ್ಯ ವೆಂಕಟಕೃಷ್ಣಯ್ಯನವರು ಅನಾಥಾಲಯ ನಡೆಸಿದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಇದ್ದದ್ದು ಗುಬ್ಬಿ ತೋಟದಪ್ಪನವರ ಉಚಿತ ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಉಂಡ ಆ ವಿದ್ಯಾರ್ಥಿ ಮುಂದೆ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಎಷ್ಟು ಸಾವಿರ ಮಕ್ಕಳಿಗೆ ಉಣಬಡಿಸಿದರೆಂಬುದು ನಿಮಗೆಲ್ಲ ಗೊತ್ತು. ಕುವೆಂಪು ಅವರಿಗೆ ಮೈಸೂರಿನಲ್ಲಿ ಆಸರೆ ದೊರೆತದ್ದು ಶ್ರೀ ರಾಮಕೃಷ್ಣಾಶ್ರಮದಲ್ಲಿ. ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿಯ ಕನಸು ಕಂಡರು. ದೇವರಾಜ ಅರಸರು 1972ರಿಂದ ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಊರೂರಿಗೆ ಬಂದವು. ನಿಮ್ಮಲ್ಲಿ ಎಷ್ಟು ಮಂದಿ ಆ ನಿಲಯಗಳ ಅನ್ನ ಉಂಡಿದ್ದೀರೆಂಬುದು ನನಗೆ ತಿಳಿದಿದೆ. ನಿಮ್ಮ ಅರ್ಜಿಗಳನ್ನು ತುಂಬಿ ಕೊಟ್ಟವನೇ ನಾನು.

ಇದರಲ್ಲಿ ಒಂದು ಕೊರತೆಯೂ ಇತ್ತೆಂದು ಒಪ್ಪಬೇಕು. ಜಾತಿಗೊಂದು ನಿಲಯ ಅನ್ನವನ್ನೇನೋ ಕೊಟ್ಟಿತು, ಗೋಡೆಯನ್ನು ಉಳಿಸಿಕೊಂಡಿತು. ವಿಶ್ವವಿದ್ಯಾನಿಲಯದ ಸಾಮಾನ್ಯ ನಿಲಯದ ಮಹತ್ವ ಇರುವುದು ಇಲ್ಲಿಯೇ. ನನ್ನ ಕೋಣೆಯಲ್ಲಿ ಒಬ್ಬ ಬೀದರದ ಕಡೆಯವನು, ಒಬ್ಬ ಕೊಡಗಿನವನು, ಮೂರನೆಯವನು ಮಲೆನಾಡಿನ ನಾನು. ಅವನ ಕನ್ನಡ ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು. ಮನೆಯಲ್ಲಿ ಬೇರೆ ಜಾತಿಯವರ ಲೋಟವನ್ನು ಬೇರೆ ಇಡುವುದನ್ನು ನೋಡಿ ಬೆಳೆದ ನಾನು, ಅಲ್ಲಿ ಮೊದಲನೆಯ ವಾರ ಪಂಕ್ತಿಯಲ್ಲಿ ಕುಳಿತು ಅನ್ನ ನುಂಗಲಾರದೆ ಒದ್ದಾಡಿದೆ. ಎರಡನೆಯ ವಾರ ಹಸಿವು ಗೆದ್ದಿತು. ಮೂರನೆಯ ವಾರದಿಂದ ಪಕ್ಕದವನ ಉಪ್ಪಿನಕಾಯಿಗೆ ಕೈ ಹಾಕತೊಡಗಿದೆ. ಸಮಾನತೆಯ ಮೇಲೆ ಯಾವ ಅಧ್ಯಾಪಕರ ಉಪನ್ಯಾಸವೂ ಈ ಕೆಲಸವನ್ನು ಮಾಡಲಾರದು. ನಾವು ತರಗತಿಯಲ್ಲಿ ಇರುತ್ತಿದ್ದದ್ದು ದಿನಕ್ಕೆ ನಾಲ್ಕೈದು ಗಂಟೆ. ನಿಲಯದಲ್ಲಿ ಹತ್ತೊಂಬತ್ತು ಗಂಟೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಕಾಲೇಜು ಎಂದರೆ ಗುರುಶಿಷ್ಯರು ಒಟ್ಟಿಗೆ ವಾಸಿಸುವ, ಒಟ್ಟಿಗೆ ಉಣ್ಣುವ ಮನೆ ಎಂದೇ ಅರ್ಥ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯ. ನಮ್ಮ ನಾಳಂದದ ಅವಶೇಷಗಳನ್ನು ನೋಡಿದವರಿಗೆ ಕಾಣುವುದೂ ಅಂಗಳದ ಸುತ್ತ ಸಾಲಾಗಿ ಕಟ್ಟಿದ ವಾಸದ ಕೋಣೆಗಳು, ಬಾವಿ, ನೀರು ಹರಿದುಹೋಗುವ ಕಾಲುವೆ. ಸಾವಿರ ವರ್ಷಗಳ ಹಿಂದಿನವರು ವಿದ್ಯಾರ್ಥಿಯ ಸ್ನಾನದ ನೀರಿನ ಬಗೆಗೆ ಯೋಚಿಸಿದ್ದರು. ನಾವು ಆನೆಗಳ ಬಗೆಗೆ ಯೋಚಿಸುತ್ತಿದ್ದೇವೆ.

ಈಗ ಇಂದಿನ ಮಾತು. 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಉನ್ನತ ಶಿಕ್ಷಣದಲ್ಲಿದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಹೆಚ್ಚುಕಡಿಮೆ ಅರ್ಧ. ನಮ್ಮ ಕಾಲದಲ್ಲಿ ಊಹಿಸಲಾಗದಿದ್ದ ಸಂಗತಿ ಇದು, ಸಂತೋಷಪಡಬೇಕಾದ ಸಂಗತಿ. ಆದರೆ ಆ ಮಕ್ಕಳು ರಾತ್ರಿ ಎಲ್ಲಿ ಮಲಗುತ್ತಾರೆಂದು ಯಾರು ಕೇಳುತ್ತಿದ್ದಾರೆ? ನಿಲಯದಲ್ಲಿ ಜಾಗ ಸಿಗದವರು ಪೇಯಿಂಗ್ ಗೆಸ್ಟ್ ಮನೆಗಳಿಗೆ ಹೋಗುತ್ತಾರೆ. ಅಲ್ಲಿ ಮುಂಗಡ, ಬಾಡಿಗೆ, ಊಟದ ಹಣ ಎಲ್ಲವೂ ಮಾರುಕಟ್ಟೆಯ ದರ. 2023ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು ಇಂಥ ಪಿ.ಜಿ.ಗಳ ಬಾಡಿಗೆಯನ್ನು ವಾಸದ ಮನೆಯ ಬಾಡಿಗೆಯೆಂದು ಪರಿಗಣಿಸಲಾಗದು, ಅದಕ್ಕೆ ಶೇಕಡಾ 12ರಷ್ಟು ಜಿ.ಎಸ್.ಟಿ. ತೆರಬೇಕು ಎಂದಿತು. 2024ರ ಜೂನ್ ತಿಂಗಳಿನಲ್ಲಿ ಜಿ.ಎಸ್.ಟಿ. ಮಂಡಳಿಯು ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನಗಳ ವಾಸಕ್ಕೆ ವಿನಾಯಿತಿ ನೀಡಲು ಶಿಫಾರಸು ಮಾಡಿತು. ಒಳ್ಳೆಯದಾಯಿತು. ಆದರೆ ಓದುವ ಹುಡುಗಿಯ ಮಂಚಕ್ಕೆ ತೆರಿಗೆ ಹಾಕಬಹುದೇ ಬಾರದೇ ಎಂದು ಚರ್ಚಿಸುವ ಸ್ಥಿತಿ ಬಂದದ್ದಾದರೂ ಏಕೆ? ಸಾರ್ವಜನಿಕ ನಿಲಯಗಳು ಸಾಲದೆ ಹೋದದ್ದರಿಂದ.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟವಸತಿಯ ನೆರವು ನೀಡಲು 2013-14ರಲ್ಲಿ ವಿದ್ಯಾಸಿರಿ ಯೋಜನೆ ಆರಂಭವಾಯಿತು. ಆಗ ಗೊತ್ತುಪಡಿಸಿದ ಮೊತ್ತ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಲೆಕ್ಕದ ಮೇಷ್ಟ್ರಾಗಿ ಭಾಗಿಸಿ ನೋಡಿದೆ: ದಿನಕ್ಕೆ 50 ರೂಪಾಯಿ. ಅದರಲ್ಲಿ ಮೂರು ಹೊತ್ತಿನ ಊಟವೂ ಮಲಗುವ ಜಾಗವೂ ಆಗಬೇಕು. ನೆರವು ನೆರವೇ, ನಿಜ. ಆದರೆ ಅದು ನಿಲಯಕ್ಕೆ ಬದಲಿಯಾಗಲಾರದು.

"ಈಗ ಹೆಂಗಸರಿಗೆ ಬಸ್ಸು ಉಚಿತವಲ್ಲವೇ, ಮನೆಯಿಂದಲೇ ಓಡಾಡಲಿ" ಎಂದು ಸಭೆಯಲ್ಲಿ ಮತ್ತೊಬ್ಬರು ಹೇಳಿದರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಎಷ್ಟೋ ಹೆಣ್ಣುಮಕ್ಕಳು ಕಾಲೇಜು ಬಿಡದೆ ಉಳಿದಿರಬಹುದು. ನಾನು ಅದನ್ನು ಮೆಚ್ಚುತ್ತೇನೆ. ಆದರೆ ಇನ್ನೊಂದು ಗುಣಾಕಾರ ಮಾಡಿ. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ. ವರ್ಷಕ್ಕೆ 180 ದಿನ ಕಾಲೇಜು ನಡೆದರೆ 720 ಗಂಟೆ. ಟಿಕೆಟ್ಟಿಗೆ ದುಡ್ಡಿಲ್ಲ, ಸರಿ. ಆ 720 ಗಂಟೆಗಳನ್ನು ಯಾರು ಹಿಂದಿರುಗಿಸುತ್ತಾರೆ? ಮನೆಗೆ ಬಂದ ಮೇಲೆ ಅವಳ ಅಣ್ಣ ಓದಲು ಕೂರುತ್ತಾನೆ. ಅವಳು ಒಲೆಯ ಮುಂದೆ ಕೂರುತ್ತಾಳೆ. ಹೆಣ್ಣುಮಗಳಿಗೆ ವಿದ್ಯಾರ್ಥಿನಿಲಯವೆಂದರೆ ಬರಿಯ ಸೂರಲ್ಲ. ಮನೆಗೆಲಸದಿಂದ ಬಿಡುವು ದೊರೆಯುವ, ಬಹುಶಃ ಅವಳ ಜೀವನದ ಏಕೈಕ ಮೂರು ವರ್ಷ. ಆ ಮೂರು ವರ್ಷಗಳಲ್ಲಿ ಅವಳನ್ನು ಬಚ್ಚಲ ಬಾಗಿಲು ಹಿಡಿದು ನಿಲ್ಲಿಸುತ್ತಿದ್ದೇವೆ.

ಇನ್ನು ಕೆಲವರು, ನಿಲಯಗಳೆಂದರೆ ಪುಂಡಾಟಿಕೆ, ರ‍್ಯಾಗಿಂಗ್, ರಾಜಕೀಯ ಎನ್ನುತ್ತಾರೆ. ರ‍್ಯಾಗಿಂಗ್ ನಿಜವಾದ ಪಿಡುಗು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ಅದರ ವಿರುದ್ಧ ಕಟ್ಟುನಿಟ್ಟಿನ ನಿಯಮಗಳನ್ನು ಮಾಡಬೇಕಾಗಿ ಬಂತು. ಆದರೆ ಪುಂಡಾಟಿಕೆ ಬೆಳೆಯುವುದು ಎಲ್ಲಿ? ವಾರ್ಡನ್ ಹೆಸರು ಫಲಕದ ಮೇಲೆ ಮಾತ್ರ ಇದ್ದು ಅವರ ಮನೆ ಊರಾಚೆ ಇರುವಲ್ಲಿ. ಇಬ್ಬರ ಕೋಣೆಯಲ್ಲಿ ನಾಲ್ವರನ್ನು ತುಂಬಿರುವಲ್ಲಿ. ವಾಚನಾಲಯಕ್ಕೆ ಬೀಗ ಬಿದ್ದಿರುವಲ್ಲಿ. ನಮ್ಮ ವಾರ್ಡನ್ ಸಾಹೇಬರು ರಾತ್ರಿ ಒಂಬತ್ತೂವರೆಗೆ ಟಾರ್ಚು ಹಿಡಿದು ಒಂದು ಸುತ್ತು ಬರುತ್ತಿದ್ದರು. ಬೈಯಲು ಬರುತ್ತಿರಲಿಲ್ಲ. "ಯಾರಿಗಾದರೂ ಮೈ ಹುಷಾರಿಲ್ಲವೇ?" ಎಂದು ಕೇಳಲು ಬರುತ್ತಿದ್ದರು. ಅದಕ್ಕಿಂತ ಒಳ್ಳೆಯ ಶಿಸ್ತಿನ ಕ್ರಮವನ್ನು ನಾನು ಕಂಡಿಲ್ಲ.

ಹಾಗಾದರೆ ನನ್ನ ಬೇಡಿಕೆಯೇನು? ಅರಮನೆಯಲ್ಲ. ಬಾಗಿಲಿಗೆ ಚಿಲಕ, ದಿನವಿಡೀ ನೀರು, ಒಬ್ಬರಿಗೊಂದು ಮಂಚ, ಮೇಜು, ದೀಪ, ರಾತ್ರಿ ತೆರೆದಿರುವ ವಾಚನಾಲಯ, ಜ್ವರ ಬಂದವರು ಬೇರೆಯಾಗಿ ಮಲಗಲು ಒಂದು ಕೋಣೆ, ಆವರಣದಲ್ಲಿ ವಾಸವಿರುವ ವಾರ್ಡನ್, ಮೆಸ್ಸಿನ ಲೆಕ್ಕವನ್ನು ವಿದ್ಯಾರ್ಥಿಗಳೇ ನೋಡುವ ವ್ಯವಸ್ಥೆ, ಹಣ ಕಟ್ಟಲಾಗದವರಿಗಾಗಿ ಗುಟ್ಟಾಗಿ ನಡೆಯುವ ಒಂದು ಸಣ್ಣ ನಿಧಿ. ಫಲಕದ ಮೇಲೆ ಲೆಕ್ಕವನ್ನು ಹಾಕಲಿ, ಹೆಸರನ್ನು ಹಾಕಬಾರದು. ಇವಿಷ್ಟನ್ನೂ ಒಂದೇ ದಿನ ಮಾಡಲಾಗದೆಂದು ನನಗೂ ಗೊತ್ತು. ಆದರೆ ಮೂವತ್ತೆರಡು ಲಕ್ಷದಲ್ಲಿ ಇವುಗಳಲ್ಲಿ ಅರ್ಧದಷ್ಟನ್ನಾದರೂ ಆರಂಭಿಸಬಹುದು.

ಸಭೆಯಲ್ಲಿ ಮತಕ್ಕೆ ಹಾಕಿದರು. ನನ್ನ ಪರವಾಗಿ ಕೈ ಎತ್ತಿದವರು ಮೂವರು. ಅವರಲ್ಲಿ ಇಬ್ಬರು ಹೆಂಗಸರು. ಮಹಾದ್ವಾರದ ನಿರ್ಣಯ ಅಂಗೀಕಾರವಾಯಿತು.

ಬರುವ ದಾರಿಯಲ್ಲಿ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಚಿಲಕದ ಬೆಲೆ ಕೇಳಿದೆ. ಉಕ್ಕಿನದು, ತುಕ್ಕು ಹಿಡಿಯದ್ದು, ಒಂದಕ್ಕೆ ನೂರಾ ಹತ್ತು ರೂಪಾಯಿ. ಏಳಕ್ಕೆ ಏಳುನೂರಾ ಎಪ್ಪತ್ತು. ತಿರುಪುಗಳನ್ನು ಅಂಗಡಿಯವನು ಹಾಗೆಯೇ ಕೊಟ್ಟ. ಮರುದಿನ ಕಚೇರಿಗೆ ದೂರವಾಣಿ ಮಾಡಿ, ಬಡಗಿಯನ್ನು ನಾನೇ ಕರೆತರುತ್ತೇನೆ, ಅಪ್ಪಣೆ ಕೊಡಿ ಎಂದೆ. ಸರ್ಕಾರಿ ಕಟ್ಟಡಕ್ಕೆ ಹೊರಗಿನವರು ಮೊಳೆ ಹೊಡೆಯುವಂತಿಲ್ಲ, ಅರ್ಜಿ ಕೊಡಿ, ಅಂದಾಜುಪಟ್ಟಿ ತಯಾರಾಗಬೇಕು ಎಂದರು. ಅರ್ಜಿ ಕೊಟ್ಟಿದ್ದೇನೆ. ಮೂರು ವಾರವಾಯಿತು. ಚಿಲಕಗಳು ನನ್ನ ಮೇಜಿನ ಮೇಲೆ ಕಾಗದದ ಪೊಟ್ಟಣದಲ್ಲಿವೆ. ಬರುವ ಸೋಮವಾರ ನಾನೇ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂರುವವನಿದ್ದೇನೆ. ನಿಯಮದ ಮುಂದೆ ಒಮ್ಮೆ ಸುಮ್ಮನಿದ್ದವನು ನಾನು. ಅದರ ಫಲವನ್ನು ಕಂಡಿದ್ದೇನೆ.

ನಿಮ್ಮಿಂದ ನನಗೆ ಬೇಕಾದದ್ದು ಹಣವಲ್ಲ. ನೀವು ಬೆಂಗಳೂರಿನಲ್ಲಿರಿ, ಅಮೆರಿಕದಲ್ಲಿರಿ, ಮುಂದಿನ ಸಲ ನಿಮ್ಮ ಕಾಲೇಜಿನವರು ಸನ್ಮಾನಕ್ಕೆಂದು ಕರೆದಾಗ ಹೋಗಿ. ಆದರೆ ವೇದಿಕೆ ಹತ್ತುವ ಮೊದಲು ವಿದ್ಯಾರ್ಥಿನಿಲಯಕ್ಕೆ ಹೋಗಿ, ಅಲ್ಲಿ ಒಂದು ಹೊತ್ತು ಊಟ ಮಾಡಿ. ಹೆಣ್ಣುಮಕ್ಕಳ ನಿಲಯವಾದರೆ ನಿಮ್ಮ ಹೆಂಡತಿಯನ್ನೋ ಮಗಳನ್ನೋ ಒಳಗೆ ಕಳುಹಿಸಿ, ಬಾಗಿಲುಗಳನ್ನು ನೋಡಿ ಬರಲಿ. ಆಮೇಲೆ ವೇದಿಕೆಯ ಮೇಲೆ ನಿಂತು, "ನಾವು ಕಷ್ಟಪಟ್ಟು ಓದಿದೆವು" ಎಂಬ ಮಾತು ನಿಮ್ಮ ಬಾಯಿಂದ ಬರುತ್ತದೆಯೇ ನೋಡಿಕೊಳ್ಳಿ.

ಬರಲಾರದು ಎಂಬ ನಂಬಿಕೆ ನನಗಿದೆ. ನೀವು ನನ್ನ ಶಿಷ್ಯರು.

ನಿಮ್ಮ,
ಲೆಕ್ಕದ ಮೇಷ್ಟ್ರು